ಟೆನ್ಸ್ ಯಂತ್ರ: ಒಂದು ಪ್ಯಾಡಿನ ಕೆಳಗೆ ಸೂಜಿ ಚುಚ್ಚಿದಂತಾಗುತ್ತದೆ, ಇನ್ನೊಂದರ ಕೆಳಗೆ ಏನೂ ತಿಳಿಯುವುದಿಲ್ಲ

ಸಕಲೇಶಪುರದವಳು:

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 68 ವರ್ಷ. ಬಲಮಂಡಿಯ ಸವೆತದ ನೋವಿಗೆ ಹಾಸನದಲ್ಲಿ ಫಿಸಿಯೋಥೆರಪಿಯವರ ಬಳಿ ಹತ್ತು ದಿನ ಕರೆಂಟ್ ಕೊಡಿಸಿದ್ದೆವು. ಅದರಿಂದ ಅವರಿಗೆ ಬಹಳ ಹಾಯೆನಿಸಿತು. ಆದರೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಶ್ರಮದಲ್ಲಿ ಸಿಕ್ಕಿದ ಆರಾಮವೆಲ್ಲ ಕಳೆದುಹೋಗುತ್ತಿದ್ದುದರಿಂದ, ಫಿಸಿಯೋಥೆರಪಿಯವರ ಸಲಹೆಯಂತೆಯೇ ಎರಡು ಚಾನೆಲ್‌ಗಳ ಸಣ್ಣ ಟೆನ್ಸ್ ಯಂತ್ರವೊಂದನ್ನು (ಚರ್ಮಕ್ಕೆ ಅಂಟಿಸಿದ ಪ್ಯಾಡುಗಳ ಮೂಲಕ ಸಣ್ಣ ಕರೆಂಟ್ ಹಾಯಿಸಿ ನೋವು ಇಳಿಸುವ ಯಂತ್ರ; ಒಂದು ಚಾನೆಲ್ ಎಂದರೆ ಎರಡು ಪ್ಯಾಡುಗಳ ಒಂದು ಜೋಡಿ) ಮನೆಗೆ ತಂದುಕೊಂಡೆವು. ಮಂಡಿಯ ಮೇಲೆ ಎರಡು, ಕೆಳಗೆ ಎರಡು, ಹೀಗೆ ನಾಲ್ಕು ಪ್ಯಾಡುಗಳನ್ನು ಒಂದು ಚಾನೆಲ್ ಇನ್ನೊಂದನ್ನು ಅಡ್ಡ ಹಾಯುವಂತೆ ಅಂಟಿಸಿ, ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ಕೊಡುತ್ತಿದ್ದೇವೆ.

ಮೊದಲ ವಾರ ಎಲ್ಲವೂ ಸರಿಯಿತ್ತು. ತೀವ್ರತೆಯ ಅಂಕಿ 18ಕ್ಕೆ ಬಂದರೆ ಅಮ್ಮನಿಗೆ ಹಿತವಾಗಿ ಜುಮ್ಮೆನ್ನುತ್ತಿತ್ತು. ಈಗ ಮೂರು ವಾರಗಳಾಗಿವೆ. ಮೊದಲ ಚಾನೆಲ್ಲಿನಲ್ಲಿ ಅಂಕಿಯನ್ನು 34ರವರೆಗೆ ಏರಿಸಬೇಕಾಗಿದೆ, ಆಗಲೂ ತೊಡೆಯ ಒಳಬದಿಯ ಪ್ಯಾಡಿನ ಅಂಚಿನಲ್ಲಿ ಸೂಜಿ ಚುಚ್ಚಿದಂತಾಗುತ್ತದೆ, ಮಂಡಿಯ ಕೆಳಗೆ ಹೊರಬದಿಯ ಪ್ಯಾಡಿನಲ್ಲಿ ಮಾತ್ರ ಏನೂ ತಿಳಿಯುವುದಿಲ್ಲವೆನ್ನುತ್ತಾರೆ. ನಿನ್ನೆ ಪ್ಯಾಡ್ ತೆಗೆದಾಗ, ಚುಚ್ಚುವ ಜಾಗದಲ್ಲಿ ಹೆಸರುಕಾಳಿನಷ್ಟು ಕೆಂಪು ಚುಕ್ಕೆಯೊಂದು ಕಂಡಿತು, ಅದು ಇಂದು ಬೆಳಿಗ್ಗೆಯೂ ಇದೆ. ಬ್ಯಾಟರಿಯನ್ನು ಬದಲಿಸಿ ನೋಡಿದೆ, ವ್ಯತ್ಯಾಸವಾಗಲಿಲ್ಲ. ತಂತಿ ಒಳಗೆ ಕಡಿದಿರಬಹುದೇ? ಹೊಸ ತಂತಿ ತರಿಸುವ ಮುನ್ನ ತಿಳಿದವರನ್ನು ಕೇಳಿಬಿಡೋಣವೆಂದು ಬರೆಯುತ್ತಿದ್ದೇನೆ.

ನಿವೃತ್ತ ಶಿಕ್ಷಕ:

ನಮ್ಮ ಮನೆಯಲ್ಲಿಯೂ ಹೀಗೆಯೇ ಆಗಿತ್ತು. ದೇಹಕ್ಕೆ ಕರೆಂಟು ಒಗ್ಗಿಹೋಗಿರುತ್ತದೆ, ಅಂಕಿಯನ್ನು 40ಕ್ಕೆ ಏರಿಸಿ, ರಾತ್ರಿ ಮಲಗುವಾಗ ಹಾಕಿಕೊಂಡರೆ ಬೆಳಿಗ್ಗೆ ಹಗುರವಾಗುತ್ತದೆ. ನಾನು ಸೊಂಟಕ್ಕೆ ಹಾಗೆಯೇ ಮಾಡುತ್ತೇನೆ.

ಉಪಕರಣ ದುರಸ್ತಿಗಾರ:

ದಯವಿಟ್ಟು ಸದ್ಯಕ್ಕೆ ಅಂಕಿಯನ್ನು ಏರಿಸಬೇಡಿ, ಆ ಕೆಂಪು ಚುಕ್ಕೆ ಪೂರ್ತಿ ಮಾಯುವವರೆಗೆ ಆ ಜಾಗದಲ್ಲಿ ಪ್ಯಾಡನ್ನೂ ಅಂಟಿಸಬೇಡಿ. ಆಸ್ಪತ್ರೆಗಳ ಉಪಕರಣಗಳನ್ನು ರಿಪೇರಿ ಮಾಡುವುದು ನನ್ನ ವೃತ್ತಿ, ಟೆನ್ಸ್ ಯಂತ್ರಗಳೂ ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ನೀವು ಬರೆದಿರುವ ವಿವರದಲ್ಲೇ ಒಂದು ಉತ್ತರ ಅಡಗಿದೆ. ನಿಮ್ಮ ತಂತಿ ಕಡಿದಿಲ್ಲ.

ಕಾರಣ ಹೀಗಿದೆ. ಒಂದು ಚಾನೆಲ್ಲಿನ ಎರಡು ಪ್ಯಾಡುಗಳು ಬೇರೆ ಬೇರೆಯಾಗಿ ಕೆಲಸ ಮಾಡುವುದಿಲ್ಲ. ಒಂದು ಪ್ಯಾಡಿನಿಂದ ಚರ್ಮದೊಳಕ್ಕೆ ಇಳಿದ ಪ್ರವಾಹವು ಇನ್ನೊಂದು ಪ್ಯಾಡಿನ ಮೂಲಕವೇ ಯಂತ್ರಕ್ಕೆ ಮರಳಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಎರಡರಲ್ಲಿ ಯಾವುದೇ ತಂತಿ ಕಡಿದಿದ್ದರೂ ಎರಡೂ ಪ್ಯಾಡುಗಳು ಒಟ್ಟಿಗೆ ಸುಮ್ಮನಾಗುತ್ತಿದ್ದವು. ತೊಡೆಯ ಪ್ಯಾಡಿನಲ್ಲಿ ಚುಚ್ಚುತ್ತಿದೆಯೆಂದರೆ, ಅಷ್ಟೇ ಪ್ರವಾಹ ಕೆಳಗಿನ ಪ್ಯಾಡಿನ ಮೂಲಕವೂ ಹಾಯುತ್ತಿದೆ. ಹಾಗಿದ್ದರೂ ಅಲ್ಲಿ ಏನೂ ತಿಳಿಯುತ್ತಿಲ್ಲವೇಕೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಇದಕ್ಕೆ ಎರಡು ಕಾರಣಗಳಿರಬಹುದು. ಕೆಲವು ಯಂತ್ರಗಳ ಪಲ್ಸ್, ಅಂದರೆ ಕರೆಂಟಿನ ಒಂದೊಂದು ಮಿಡಿತ, ಎರಡೂ ದಿಕ್ಕಿನಲ್ಲಿ ಒಂದೇ ಆಕಾರದಲ್ಲಿರುವುದಿಲ್ಲ, ಅಂಥವುಗಳಲ್ಲಿ ಪ್ಯಾಡಿಗೆ ಸಿಕ್ಕಿಸುವ ತಂತಿಯ ಒಂದು ಪಿನ್ನಿನ ಕಡೆ, ಸಾಮಾನ್ಯವಾಗಿ ಕಪ್ಪು ಬಣ್ಣದ್ದರ ಕಡೆ, ಜುಮ್ಮೆನ್ನುವುದು ಹೆಚ್ಚು. ಇಲ್ಲವಾದರೆ, ಕೆಳಗಿನ ಆ ಜಾಗದ ಚರ್ಮಕ್ಕೇ ಸ್ಪರ್ಶ ಸರಿಯಾಗಿ ತಿಳಿಯುತ್ತಿಲ್ಲ. ಚುಕ್ಕೆ ಮಾಯ್ದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ. ಯಂತ್ರವನ್ನು ಪೂರ್ತಿ ಆರಿಸಿ, ಪ್ಯಾಡುಗಳನ್ನು ಅಲುಗಿಸದೆ, ಅದೇ ಚಾನೆಲ್ಲಿನ ಎರಡು ಪಿನ್ನುಗಳನ್ನು ಮಾತ್ರ ಅದಲು ಬದಲು ಮಾಡಿ, ಅಂಕಿಯನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ. ಏನೂ ತಿಳಿಯದ ಸ್ಥಿತಿ ಪಿನ್ನಿನ ಜೊತೆಗೆ ಮೇಲಿನ ಪ್ಯಾಡಿಗೆ ಬಂದರೆ ಅದು ಯಂತ್ರದ ಗುಣ. ಅದು ಅದೇ ಜಾಗದಲ್ಲಿ ಉಳಿದರೆ ಕಾರಣ ಮಂಡಿಯಲ್ಲಿದೆ, ಆಗ ನನಗಿಂತ ಫಿಸಿಯೋಥೆರಪಿ ಬಲ್ಲವರು ಹೇಳಬೇಕು.

ಇನ್ನು ಚುಚ್ಚುವುದರ ವಿಷಯ. ಪ್ಯಾಡುಗಳನ್ನು ಮೂರು ವಾರ, ದಿನಕ್ಕೆರಡು ಬಾರಿ ಬಳಸಿದ್ದೀರಿ, ಅಂದರೆ 40 ಬಾರಿ ದಾಟಿದೆ. ಅಂಟಿಸುವ ಪ್ಯಾಡುಗಳು ಚೆನ್ನಾಗಿ ನೋಡಿಕೊಂಡರೂ 20ರಿಂದ 30 ಬಾರಿಗಿಂತ ಹೆಚ್ಚು ಬಾಳುವುದು ಅಪರೂಪ. ಒಮ್ಮೆ ಪ್ಯಾಡನ್ನು ಮಗುಚಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಜೆಲ್ ಒದ್ದೆಯಾಗಿ ಹೊಳೆಯುತ್ತಿರಬೇಕು. ಅಂಚುಗಳು ಒಣಗಿ ಮಂಕಾಗಿದ್ದರೆ, ಇಲ್ಲವೇ ಚರ್ಮದ ಸತ್ತ ಪದರ, ಕೂದಲು, ಎಣ್ಣೆಯ ಜಿಡ್ಡು ಕೂತಿದ್ದರೆ, ಪ್ಯಾಡ್ ಅಂಟಿದಂತೆ ಕಂಡರೂ ಪ್ರವಾಹ ಇಳಿಯುವುದು ಎಲ್ಲೋ ಒಂದು ಮೂಲೆಯಲ್ಲಿ ಮಾತ್ರ. ಐದು ಸೆಂಟಿಮೀಟರ್ ಚೌಕದ ಪ್ಯಾಡಿನಲ್ಲಿ 25 ಚದರ ಸೆಂಟಿಮೀಟರ್ ಜಾಗವಿರುತ್ತದೆ. ಅದರಲ್ಲಿ ಎರಡು ಸೆಂಟಿಮೀಟರ್ ಚೌಕದಷ್ಟೇ ಚರ್ಮಕ್ಕೆ ತಾಗುತ್ತಿದ್ದರೆ, ಇಡೀ ಪ್ಯಾಡಿಗೆ ಹಂಚಿಹೋಗಬೇಕಾದ ಪ್ರವಾಹವು ಅಷ್ಟೇ ಜಾಗದಲ್ಲಿ ನುಗ್ಗಿ, ಅಲ್ಲಿ ಆರು ಪಟ್ಟು ದಟ್ಟವಾಗುತ್ತದೆ. ಸೂಜಿ ಚುಚ್ಚಿದಂತಾಗುವುದೂ ಕೆಂಪು ಚುಕ್ಕೆ ಬೀಳುವುದೂ ಇದರಿಂದಲೇ.

ಒಂದು ಪ್ರಶ್ನೆ: ಮಂಡಿಗೆ ಎಣ್ಣೆ ಅಥವಾ ನೋವಿನ ಮುಲಾಮು ಹಚ್ಚುವ ಅಭ್ಯಾಸವಿದೆಯೇ?

ಸಕಲೇಶಪುರದವಳು:

ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞಳಾಗಿದ್ದೇನೆ. ಹೌದು, ಅಮ್ಮ ಪ್ರತಿ ಸಂಜೆ ಬಿಸಿ ಎಣ್ಣೆ ಹಚ್ಚಿ ಉಜ್ಜಿಕೊಂಡು, ಬಟ್ಟೆಯಲ್ಲಿ ಒರೆಸಿ, ಅದರ ಮೇಲೆಯೇ ಪ್ಯಾಡ್ ಹಾಕಿಸಿಕೊಳ್ಳುತ್ತಿದ್ದರು. ಪ್ಯಾಡನ್ನು ಮಗುಚಿ ನೋಡಿದೆ. ತೊಡೆಯ ಪ್ಯಾಡಿನ ಮುಕ್ಕಾಲು ಭಾಗ ಮೇಣ ಸವರಿದಂತೆ ಹಳದಿಯಾಗಿದೆ, ಒಂದು ಮೂಲೆ ಮಾತ್ರ ಇನ್ನೂ ಅಂಟಂಟಾಗಿದೆ. ಕೆಂಪು ಚುಕ್ಕೆ ಬಿದ್ದಿರುವುದೂ ಸರಿಯಾಗಿ ಆ ಮೂಲೆಯ ಕೆಳಗೇ.

ಮೂರು ದಿನ ಯಂತ್ರವನ್ನು ಮುಟ್ಟಲಿಲ್ಲ, ಚುಕ್ಕೆ ಮಾಯ್ದಿದೆ. ಯಂತ್ರದ ಜೊತೆಗೆ ಬಂದಿದ್ದ ಇನ್ನೊಂದು ಜೊತೆ ಹೊಸ ಪ್ಯಾಡ್ ಅಂಟಿಸಿ ಇಂದು ಪಿನ್ ಬದಲಿಸುವ ಪರೀಕ್ಷೆ ಮಾಡಿದೆ. ಮೇಲಿನ ಪ್ಯಾಡ್ 15ಕ್ಕೇ ಹಿತವಾಗಿ ಜುಮ್ಮೆಂದಿತು, ಚುಚ್ಚಲಿಲ್ಲ. ಆದರೆ ಪಿನ್ನುಗಳನ್ನು ಅದಲು ಬದಲು ಮಾಡಿದ ಮೇಲೆಯೂ ಕೆಳಗಿನ ಹೊರಬದಿಯಲ್ಲಿ ಏನೂ ತಿಳಿಯಲಿಲ್ಲ.

ಫಿಸಿಯೋ ಹುಬ್ಬಳ್ಳಿ:

ಇಷ್ಟು ಹೊತ್ತು ಓದುತ್ತಿದ್ದೆ, ಈಗ ನಾನು ಬರೆಯಬೇಕಾಗಿದೆ. ತಾಯಿಯವರಿಗೆ ಸಕ್ಕರೆ ಕಾಯಿಲೆ ಇದೆಯೇ? ಪಾದಗಳು ಜೋಮು ಹಿಡಿದಂತಾಗುವುದುಂಟೇ? ಆ ಮಂಡಿಗೆ ಹಿಂದೆ ಯಾವತ್ತಾದರೂ ಪೆಟ್ಟು ಬಿದ್ದಿತ್ತೇ, ಶಸ್ತ್ರಚಿಕಿತ್ಸೆ ಆಗಿತ್ತೇ? ಉತ್ತರಿಸುವ ಮುನ್ನ ದೇವರ ಮನೆಯಿಂದ ಒಂದು ಒಣ ಹೂಬತ್ತಿ ತೆಗೆದುಕೊಳ್ಳಿ. ತಾಯಿಯವರು ಕಣ್ಣು ಮುಚ್ಚಿಕೊಳ್ಳಲಿ. ಮೊದಲು ಎಡಮಂಡಿಯನ್ನು, ಅನಂತರ ಬಲಮಂಡಿಯನ್ನು ಬತ್ತಿಯ ತುದಿಯಿಂದ ಹಗುರವಾಗಿ ಮುಟ್ಟುತ್ತ ಬನ್ನಿ. ಮುಟ್ಟಿದಾಗಲೆಲ್ಲ ಅವರು "ಹೂಂ" ಎನ್ನಬೇಕು. ಎಲ್ಲಿ "ಹೂಂ" ನಿಲ್ಲುತ್ತದೆಯೋ ಅಲ್ಲಿ ಬಾಲ್‌ಪೆನ್ನಿನಿಂದ ಒಂದು ಚುಕ್ಕೆ ಇಡಿ.

ಸಕಲೇಶಪುರದವಳು:

ಸಕ್ಕರೆ ಕಾಯಿಲೆ ಇಲ್ಲ, ಕಳೆದ ತಿಂಗಳಷ್ಟೇ ರಕ್ತಪರೀಕ್ಷೆ ಮಾಡಿಸಿದ್ದೇವೆ. ಪಾದಗಳಲ್ಲಿಯೂ ಜೋಮಿಲ್ಲ. ಆದರೆ ಆರು ವರ್ಷಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಬಲಮಂಡಿಯ ಚಿಪ್ಪು ಮುರಿದಿತ್ತು. ಮುಂಭಾಗದಲ್ಲಿ ಉದ್ದಕ್ಕೆ ಕೊಯ್ದು ತಂತಿ ಕಟ್ಟಿದ್ದರು, ಒಂದು ವರ್ಷದ ಮೇಲೆ ಆ ತಂತಿಯನ್ನು ತೆಗೆಸಿದೆವು. ಹಳೆಯ ವಿಷಯವಾದ್ದರಿಂದ ಹೇಳಬೇಕೆಂದು ತೋಚಲೇ ಇಲ್ಲ.

ಬತ್ತಿಯ ಪರೀಕ್ಷೆ ಮಾಡಿದೆ. ಗಾಯದ ಗುರುತಿನಿಂದ ಹೊರಗಡೆಗೆ, ಮಂಡಿಚಿಪ್ಪಿನ ಕೆಳಗೆ, ವೀಳ್ಯದೆಲೆಯಷ್ಟು ಅಗಲದ ಜಾಗದಲ್ಲಿ ಅಮ್ಮ ಒಮ್ಮೆಯೂ "ಹೂಂ" ಎನ್ನಲಿಲ್ಲ. "ಆಪರೇಶನ್ ಆದಾಗಿನಿಂದ ಅಲ್ಲಿ ಮರಗಟ್ಟಿದ ಹಾಗೇ ಇದೆ, ನೋವಿಲ್ಲವಲ್ಲ ಅಂತ ಸುಮ್ಮನಿದ್ದೆ" ಎಂದರು. ಮೂರು ವಾರ ನಾನು ಪ್ಯಾಡ್ ಅಂಟಿಸಿದ್ದು ಸರಿಯಾಗಿ ಅದರ ನಡುಮಧ್ಯಕ್ಕೇ. ಅಲ್ಲಿ ಏನೂ ತಿಳಿಯುತ್ತಿಲ್ಲವೆಂದು ಅಂಕಿಯನ್ನು ಏರಿಸುತ್ತ ಹೋದವಳೂ ನಾನೇ. ಇದನ್ನು ಬರೆಯುವಾಗ ಮನಸ್ಸಿಗೆ ತುಂಬ ಕಷ್ಟವಾಗುತ್ತಿದೆ.

ಫಿಸಿಯೋ ಹುಬ್ಬಳ್ಳಿ:

ನೀವು ನೊಂದುಕೊಳ್ಳಬೇಡಿ, ಸಕಾಲಕ್ಕೆ ಕೇಳಿದ್ದೀರಿ, ಗಾಯವೇನೂ ಆಗಿಲ್ಲ. ಮಂಡಿಯ ಮುಂಭಾಗವನ್ನು ಉದ್ದಕ್ಕೆ ಕೊಯ್ಯುವಾಗ, ಒಳಬದಿಯಿಂದ ಹೊರಬದಿಗೆ ಚರ್ಮದಡಿ ಅಡ್ಡಲಾಗಿ ಹಾಯುವ ಸಫೀನಸ್ ಎಂಬ ಸ್ಪರ್ಶನರದ ಸಣ್ಣ ಕವಲು ತುಂಡಾಗುವುದು ಬಹಳ ಸಾಮಾನ್ಯ. ಮಂಡಿಕೀಲು ಬದಲಿಸಿದವರಲ್ಲಿಯೂ ಇದನ್ನು ನಾವು ಆಗಾಗ ನೋಡುತ್ತೇವೆ. ನಡಿಗೆಗೆ ಅದರಿಂದ ತೊಂದರೆಯಿಲ್ಲದ ಕಾರಣ ಯಾರೂ ಅದನ್ನು ಹೇಳಿಕೊಳ್ಳುವುದಿಲ್ಲ. ಟೆನ್ಸ್ ವಿಷಯದಲ್ಲಿ ಮಾತ್ರ ಅದು ಎರಡು ರೀತಿಯಲ್ಲಿ ಮುಖ್ಯವಾಗುತ್ತದೆ.

ಮೊದಲನೆಯದು ಸುರಕ್ಷತೆ. ಸ್ಪರ್ಶ ತಿಳಿಯದ ಚರ್ಮಕ್ಕೆ ಪ್ರವಾಹ ಹೆಚ್ಚಾದದ್ದೂ ತಿಳಿಯುವುದಿಲ್ಲ. ಅಲ್ಲಿನ ಪ್ಯಾಡ್ ಒಣಗಿದ್ದರೆ ಚರ್ಮ ಸುಡುತ್ತಿದ್ದರೂ ತಾಯಿಯವರು ಕೂಗಿ ಹೇಳುತ್ತಿರಲಿಲ್ಲ. ಎರಡನೆಯದು, ಈ ಚಿಕಿತ್ಸೆಯ ಆಧಾರವೇ ಸ್ಪರ್ಶ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು, ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳಿಗೆ ಒಂದು ಬಾಗಿಲಿನಂಥ ವ್ಯವಸ್ಥೆಯಿದೆ, ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ ಆ ಬಾಗಿಲು ಅರೆಮುಚ್ಚುತ್ತದೆ ಎಂದು ವಿವರಿಸಿದರು. ಪೆಟ್ಟು ಬಿದ್ದ ಜಾಗವನ್ನು ನಾವು ತಕ್ಷಣ ಕೈಯಿಂದ ಉಜ್ಜಿಕೊಳ್ಳುವುದೂ ಇದೇ ಕಾರಣಕ್ಕೆ. ಟೆನ್ಸ್ ಯಂತ್ರವು ಚರ್ಮದ ಮೇಲಿನಿಂದ ಆ ದಪ್ಪ ತಂತುಗಳನ್ನೇ ಕೆಣಕುತ್ತದೆ. ಅವು ಕೆಲಸ ಮಾಡದ ಜಾಗದಲ್ಲಿ ಪ್ಯಾಡ್ ಅಂಟಿಸಿ ಎಷ್ಟು ಏರಿಸಿದರೂ ಫಲವಿಲ್ಲ.

ಹೀಗೆ ಮಾಡಿ. ಕೆಳಗಿನ ಹೊರ ಪ್ಯಾಡನ್ನು ಆ ಗಡಿಯಿಂದ ಎರಡು ಬೆರಳು ಆಚೆಗೆ, ಕಾಲಿನ ಹೊರಬದಿಯಲ್ಲಿ ಇನ್ನಷ್ಟು ಕೆಳಗೆ, ಬತ್ತಿಯ ಸ್ಪರ್ಶ ಚೆನ್ನಾಗಿ ತಿಳಿಯುವಲ್ಲಿ ಅಂಟಿಸಿ. ಪ್ಯಾಡುಗಳ ನಡುವೆ ಕನಿಷ್ಠ ಒಂದು ಪ್ಯಾಡಿನಷ್ಟು ಅಂತರವಿರಲಿ. ಚರ್ಮವನ್ನು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಎಣ್ಣೆಯ ಉಪಚಾರವನ್ನು ಬಿಡಬೇಕಿಲ್ಲ, ಅದನ್ನು ಟೆನ್ಸ್ ಮುಗಿದ ಮೇಲಕ್ಕೆ ಇಟ್ಟುಕೊಳ್ಳಿ. ಸೆಕೆಂಡಿಗೆ 80ರಿಂದ 100 ಪಲ್ಸ್ ಇರುವ ಮೋಡ್ ಆರಿಸಿ. ಜುಮ್ಮೆನ್ನುವುದು ಬಲವಾಗಿರಬೇಕು, ಆದರೆ ಹಿತವಾಗಿರಬೇಕು, ಸ್ನಾಯು ಎಳೆಯಬಾರದು. ಐದು ಹತ್ತು ನಿಮಿಷದಲ್ಲಿ ಅದು ಮಂಕಾಗುವುದು ಸಹಜ, ಆಗ ಒಂದೆರಡು ಅಂಕಿ ಏರಿಸಬಹುದು. ಆದರೆ ಇಂದು 16, ನಾಳೆ 20, ನಾಡಿದ್ದು 25 ಎಂದು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಮೊದಲು ಪ್ಯಾಡನ್ನು ಸಂಶಯಿಸಿ. ಎಷ್ಟೋ ಯಂತ್ರಗಳಲ್ಲಿ ಆ ಅಂಕಿ ಪ್ರವಾಹದ ನಿಜವಾದ ಅಳತೆಯಾದ ಮಿಲಿಆಂಪಿಯರ್ ಅಲ್ಲವೇ ಅಲ್ಲ, ಬರೀ ಮೆಟ್ಟಿಲುಗಳ ಲೆಕ್ಕ.

ನಿವೃತ್ತ ಶಿಕ್ಷಕರು ಹೇಳಿದ ಒಗ್ಗಿಹೋಗುವ ಮಾತಿನಲ್ಲಿ ಸತ್ಯವಿದೆ. ದಿನವೂ ಒಂದೇ ಆವರ್ತನ, ಒಂದೇ ತೀವ್ರತೆಯಲ್ಲಿ ಕೊಟ್ಟರೆ ನಾಲ್ಕೈದು ದಿನಗಳಲ್ಲೇ ಪರಿಣಾಮ ಕುಗ್ಗುವುದು ಪ್ರಯೋಗಗಳಲ್ಲಿ ಕಂಡಿದೆ. ಅದಕ್ಕೆ ಪಲ್ಸಿನ ವೇಗ ತಾನಾಗಿ ಏರಿಳಿಯುವ ಮೋಡನ್ನು ಆಗಾಗ ಬಳಸಬಹುದು. ಆದರೆ, ಸಾರ್, ಮಲಗಿ ನಿದ್ರಿಸುವಾಗ ದಯವಿಟ್ಟು ಹಾಕಿಕೊಳ್ಳಬೇಡಿ. ಹೊರಳಿದಾಗ ಪ್ಯಾಡ್ ಅರ್ಧ ಕಿತ್ತುಬಂದರೆ, ಮೇಲೆ ವಿವರಿಸಿದ ಅದೇ ಮೂಲೆಯ ಕಥೆ ನಿಮ್ಮ ಸೊಂಟದಲ್ಲಾಗುತ್ತದೆ, ನಿಮಗೆ ಎಚ್ಚರವಿರುವುದಿಲ್ಲ.

ನಿವೃತ್ತ ಶಿಕ್ಷಕ:

ಒಪ್ಪಿದೆ, ಇನ್ನು ಮುಂದೆ ಹಾಗೆ ಮಾಡುವುದಿಲ್ಲ. ಒಂದು ವಿಷಯ ಕೇಳಬೇಕಿತ್ತು. ನನ್ನ ಅಣ್ಣನಿಗೆ ಎದೆಯಲ್ಲಿ ಪೇಸ್‌ಮೇಕರ್ ಇದೆ, ಅವನೂ ಮಂಡಿಗೆ ಇದನ್ನೇ ಬಳಸಬಹುದೇ?

ಫಿಸಿಯೋ ಹುಬ್ಬಳ್ಳಿ:

ಬೇಡ. ಅವರ ಹೃದ್ರೋಗ ತಜ್ಞರೇ ನೋಡಿ ಅನುಮತಿ ಕೊಡುವವರೆಗೆ ಮನೆಯಲ್ಲಿ ಅದನ್ನು ಮುಟ್ಟಲೇಬಾರದು. ಯಾರೇ ಆಗಲಿ, ಕುತ್ತಿಗೆಯ ಮುಂಭಾಗಕ್ಕೆ, ಎದೆಗೆ ಅಡ್ಡಲಾಗಿ, ಗರ್ಭಿಣಿಯರ ಹೊಟ್ಟೆಗೆ, ಗಾಯವಿರುವ ಚರ್ಮಕ್ಕೆ, ರಕ್ತ ಹೆಪ್ಪುಗಟ್ಟಿದ ಕಾಲಿಗೆ ಪ್ಯಾಡ್ ಹಾಕಬಾರದು. ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕು.

ಸಕಲೇಶಪುರದವಳು:

ಇನ್ನೊಂದು ಪ್ರಶ್ನೆ. ಇದರಿಂದ ಸವೆತ ಕಡಿಮೆಯಾಗುತ್ತದೆಯೇ? ಅಮ್ಮ ಬಹಳ ನಂಬಿಕೆ ಇಟ್ಟುಕೊಂಡಿದ್ದಾರೆ.

ಫಿಸಿಯೋ ಹುಬ್ಬಳ್ಳಿ:

ಸವೆತಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ನೋವನ್ನು ಮಾತ್ರ, ಅದೂ ಹಾಕಿಕೊಂಡಿರುವಾಗ ಮತ್ತು ತೆಗೆದ ಸ್ವಲ್ಪ ಹೊತ್ತು, ಕಡಿಮೆ ಮಾಡುತ್ತದೆ. ತಜ್ಞರಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. 2022ರಲ್ಲಿ 381 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು ಟೆನ್ಸ್ ಹಾಕಿಕೊಂಡಿರುವಾಗ ಮತ್ತು ತೆಗೆದ ತಕ್ಷಣ ನೋವು ಇಳಿಯುತ್ತದೆ ಎಂದಿತು. ಇಂಗ್ಲೆಂಡಿನಲ್ಲಿ ಚಿಕಿತ್ಸೆಗಳನ್ನು ಪರಿಶೀಲಿಸಿ ಸಲಹೆ ನೀಡುವ ನೈಸ್ ಸಂಸ್ಥೆಯ ಮಾರ್ಗಸೂಚಿಯಾದರೋ ಮಂಡಿಯ ಸವೆತಕ್ಕಾಗಲಿ ಸೊಂಟನೋವಿಗಾಗಲಿ ಇದನ್ನು ಶಿಫಾರಸು ಮಾಡುವುದಿಲ್ಲ. ನನ್ನ ಅನುಭವದಲ್ಲಿ ಇದರ ನಿಜವಾದ ಉಪಯೋಗವೆಂದರೆ, ನೋವು ಇಳಿದಿರುವ ಆ ಅರ್ಧ ಗಂಟೆಯನ್ನು ವ್ಯಾಯಾಮಕ್ಕೆ ಬಳಸಿಕೊಳ್ಳುವುದು. ಪ್ಯಾಡ್ ಹಾಕಿಕೊಂಡೇ ತಾಯಿಯವರು ಕುರ್ಚಿಯಲ್ಲಿ ಕೂತು ಕಾಲನ್ನು ನೇರವಾಗಿ ಚಾಚಿ ಹಿಡಿಯಲಿ, ಆನಂತರ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಲಿ. ತೊಡೆಯ ಮುಂಭಾಗದ ಸ್ನಾಯು ಬಲವಾದಷ್ಟೂ ಮಂಡಿಯ ಮೇಲಿನ ಭಾರ ಹಗುರವಾಗುತ್ತದೆ.

ಉಪಕರಣ ದುರಸ್ತಿಗಾರ:

ಹೊಸ ಪ್ಯಾಡುಗಳ ಬಗ್ಗೆ ಎರಡು ಮಾತು. ಕೆಲಸ ಮುಗಿದೊಡನೆ ಅವುಗಳನ್ನು ಪ್ಲಾಸ್ಟಿಕ್ ಹಾಳೆಗೆ ಮರಳಿ ಅಂಟಿಸಿ, ಜಿಪ್ ಇರುವ ಕವರಿನಲ್ಲಿಡಿ. ಕೀಳುವಾಗ ಪ್ಯಾಡಿನ ಅಂಚನ್ನು ಹಿಡಿಯಿರಿ, ತಂತಿಯನ್ನು ಹಿಡಿದು ಎಳೆಯಬೇಡಿ. ಜೆಲ್ ಸ್ವಲ್ಪ ಒಣಗಿದ್ದರೆ ಬೆರಳ ತುದಿಯಿಂದ ಒಂದೆರಡು ಹನಿ ನೀರು ಸವರಿ ಕೆಲ ನಿಮಿಷ ಬಿಟ್ಟರೆ ಮತ್ತೆ ಅಂಟುತ್ತದೆ, ಹಾಗೆ ಮಾಡಿದ ಮೇಲೂ ಮೂಲೆ ಎದ್ದರೆ ಎಸೆದುಬಿಡಿ. ಮೊದಲ ಬಳಕೆಯ ದಿನಾಂಕವನ್ನು ಕವರಿನ ಮೇಲೆ ಬರೆದಿಟ್ಟುಕೊಳ್ಳಿ.

ಸಕಲೇಶಪುರದವಳು:

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಪ್ಯಾಡಿನ ಜಾಗ ಬದಲಿಸಿದ ಮೊದಲ ಸಂಜೆಯೇ ಅಮ್ಮ "ಈಗ ಎರಡೂ ಕಡೆ ಬಂತು ನೋಡು" ಎಂದರು. ಅಂಕಿ 16ರ ಆಸುಪಾಸಿನಲ್ಲೇ ನಿಂತಿದೆ, ಕೆಂಪು ಚುಕ್ಕೆ ಮತ್ತೆ ಬಿದ್ದಿಲ್ಲ, ಪ್ಯಾಡಿನಷ್ಟೇ ಅಗಲಕ್ಕೆ ತುಸು ಕೆಂಪಾದರೂ ಗಂಟೆಯೊಳಗೆ ಮಾಯವಾಗುತ್ತದೆ. ನೋವು ಪೂರ್ತಿ ಹೋಗಿಲ್ಲ, ಆದರೆ ಪ್ಯಾಡ್ ಹಾಕಿಕೊಂಡು ಕಾಲು ಚಾಚುವ ವ್ಯಾಯಾಮವನ್ನು ದಿನಕ್ಕೆ ಹತ್ತರಂತೆ ಮೂರು ಸಲ ಮಾಡುತ್ತಿದ್ದಾರೆ. ಬಾಲ್‌ಪೆನ್ನಿನ ಗಡಿ ಸ್ನಾನದಲ್ಲಿ ಅಳಿಸಿಹೋಗುವುದರಿಂದ ಅದರ ಫೋಟೋ ತೆಗೆದು ಹಾಸನದ ಫಿಸಿಯೋಥೆರಪಿಯವರಿಗೂ ಕಳುಹಿಸಿದೆ. ಅವರು ಅದನ್ನು ಅಮ್ಮನ ಕಾರ್ಡಿನಲ್ಲಿ ಗುರುತು ಮಾಡಿಕೊಂಡು, ಮುಂದಿನ ವಾರ ಒಮ್ಮೆ ಕರೆತನ್ನಿ, ತಾವೇ ಬತ್ತಿ ಹಿಡಿದು ಇನ್ನೊಮ್ಮೆ ನೋಡುತ್ತೇವೆ ಎಂದಿದ್ದಾರೆ.