ಹಳೇ ಜೀಪ್ ರೇಡಿಯೇಟರ್ ಮನೇಲೇ ಫ್ಲಶ್ ಮಾಡ್ಬಹುದಾ?

ಅಪ್ಪನ ಕಾಲದ ಡೀಸೆಲ್ ಜೀಪು, ಇಷ್ಟು ವರ್ಷ ಬರೀ ಬೋರ್‌ವೆಲ್ ನೀರೇ ಹಾಕಿದ್ದು. ಈಗ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗತ್ತೆ, ಕ್ಯಾಪ್ ತೆಗೆದ್ರೆ ಒಳಗೆ ಕೆಂಪು ಕೆಸರು. ನಾನೇ ತೊಳೀಬಹುದಾ?

↳ ಆರಾಮಾಗಿ ಮಾಡ್ಬಹುದು ಗುರು. ಆದ್ರೆ ಇಂಜಿನ್ ಪೂರ್ತಿ ತಣ್ಣಗಾಗೋವರೆಗೂ ಕ್ಯಾಪ್ ಮುಟ್ಬೇಡಿ, ನಾನೊಮ್ಮೆ ಅವಸರ ಮಾಡಿ ಕೈ ಸುಟ್ಕೊಂಡಿದೀನಿ. ಕೆಳಗಿನ ಹೋಸ್ ಬಿಚ್ಚಿ ನೀರು ಬಸೀರಿ, ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ್ಮೇಲೆ ರೇಡಿಯೇಟರ್‌ಗೆ ನೀರು ಬಿಡೋ ವಾಲ್ವ್) ತೆಗೆದಿಟ್ಟು ಪೈಪಿಂದ ಉಲ್ಟಾ ನೀರು ಬಿಡಿ, ಅಂದ್ರೆ ರೇಡಿಯೇಟರ್‌ಗೆ ಕೆಳಗಿಂದ ಮೇಲಕ್ಕೆ, ತಿಳಿನೀರು ಬರೋವರೆಗೂ. ಪ್ರೆಶರ್ ಜಾಸ್ತಿ ಬೇಡ, ಹಳೇ ಕೋರ್ (ರೇಡಿಯೇಟರ್ ಒಳಗಿನ ಸಣ್ಣ ಕೊಳವೆಗಳು) ಸೋರೋಕೆ ಶುರುವಾಗತ್ತೆ.

↳ ಮತ್ತೆ ಬೋರ್ ನೀರು ಹಾಕಿದ್ರೆ ಮಾಡಿದ್ದೆಲ್ಲ ದಂಡ, ಗಡಸು ನೀರಲ್ಲಿ ಒಳಗೆ ಉಪ್ಪು ಕಟ್ಟತ್ತೆ. ಡಿಸ್ಟಿಲ್ಡ್ ವಾಟರ್, ಕೂಲಂಟ್ ಅರ್ಧರ್ಧ ಹಾಕಿ. ಆಮೇಲೆ ಕ್ಯಾಪ್ ತೆಗೆದಿಟ್ಟೇ ಸ್ಟಾರ್ಟ್ ಮಾಡಿ, ಗಾಳಿಗುಳ್ಳೆ ನಿಂತ್ಮೇಲೆ ಲೆವೆಲ್ ನೋಡಿ ಮುಚ್ಚಿ. ಬಸಿದ ಕೂಲಂಟ್ ಅಂಗಳಕ್ಕೆ ಚೆಲ್ಬೇಡಿ, ಸಿಹಿ ಇರತ್ತೆ, ನಾಯಿ ನೆಕ್ಕಿದ್ರೆ ಸಾಯತ್ತೆ.

↳ ಥ್ಯಾಂಕ್ಸ್ ಇಬ್ರಿಗೂ. ಥರ್ಮೋಸ್ಟಾಟ್ ಹುಡುಕಿದ್ರೆ ಇಲ್ವೇ ಇಲ್ಲ, ಯಾವನೋ ಯಾವತ್ತೋ ಕಿತ್ತಾಕಿದಾನೆ!

↳ ಹ್ಹಹ್ಹ, ಹಳೇ ಜೀಪಲ್ಲಿ ಅದು ಮಾಮೂಲಿ. ಹೊಸದು ತಂದು ಹಾಕಿ.