ಲ್ಯಾಪ್‌ಟಾಪಲ್ಲಿ ಹಾಡೋ ಸಿಡಿ ಕಾರಲ್ಲಿ ಯಾಕೆ ಹಾಡಲ್ಲ?

ಪ್ರಶ್ನೆ, ಬೆಂಗಳೂರಿನ ವಿಜಯನಗರದಿಂದ:
ಅಪ್ಪನ ಹಳೇ ಕಾರಿನ ಸ್ಟೀರಿಯೊಗೆ ಯುಎಸ್‌ಬಿ ಇಲ್ಲ, ಬ್ಲೂಟೂತ್ ಇಲ್ಲ, ಸಿಡಿ ಮಾತ್ರ. ಅದನ್ನ ಬದಲಾಯಿಸೋಕೆ ಅವರಿಗೆ ಇಷ್ಟ ಇಲ್ಲ. ನನ್ನ ಹತ್ರ ಇದ್ದ ದಾಸರ ಪದ, ಭಾವಗೀತೆ, ಒಂದಿಷ್ಟು ಕಛೇರಿ ರೆಕಾರ್ಡಿಂಗ್ ಎಲ್ಲ ಸಿಡಿಗೆ ಹಾಕಿ ಕೊಟ್ಟೆ. ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಹಾಡುತ್ತೆ. ಕಾರಿಗೆ ಹಾಕಿದ್ರೆ ಸ್ವಲ್ಪ ಹೊತ್ತು ತಿರುಗಿ, ಎರರ್ ತೋರಿಸಿ ಹೊರಗೆ ತಳ್ಳುತ್ತೆ. ಅಂಗಡಿಯಿಂದ ತಂದ ಹಳೇ ಸಿಡಿಗಳು ಸರಿಯಾಗೇ ಓಡ್ತವೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬಸವನಗುಡಿಯಿಂದ:
ಅಂಗಡಿ ಸಿಡಿ ಓಡುತ್ತೆ ಅಂದ್ಮೇಲೆ ಪ್ಲೇಯರ್ ಕೆಟ್ಟಿಲ್ಲ, ಅಪ್ಪನಿಗೆ ಧೈರ್ಯ ಹೇಳಿ. ನೀವು ಡಿಸ್ಕನ್ನ ಯಾವ ಬಗೆಯಲ್ಲಿ ಬರೆದಿದ್ದೀರಿ ಅನ್ನೋದನ್ನ ಮೊದಲು ನೋಡ್ಬೇಕು.

ಖಾಲಿ ಡಿಸ್ಕ್ ಹಾಕಿದ ಕೂಡಲೇ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತೆ. ಇದನ್ನ ಯುಎಸ್‌ಬಿ ಫ್ಲ್ಯಾಶ್ ಡ್ರೈವ್ ರೀತಿ ಬಳಸ್ತೀರೋ, ಸಿಡಿ ಪ್ಲೇಯರಲ್ಲಿ ಬಳಸ್ತೀರೋ ಅಂತ. ಮೊದಲನೇದನ್ನ ಒತ್ತಿದ್ರೆ ಡಿಸ್ಕ್ ಯುಡಿಎಫ್ ಅನ್ನೋ ಫೈಲ್ ಸಿಸ್ಟಮ್‌ನಲ್ಲಿ, ಅಂದ್ರೆ ಫೈಲು ಜೋಡಿಸಿಡೋ ಒಂದು ಪದ್ಧತಿಯಲ್ಲಿ, ತಯಾರಾಗುತ್ತೆ. ಕಂಪ್ಯೂಟರಿಗೆ ಅದು ಸಲೀಸು. ಹಳೇ ಕಾರ್ ಸ್ಟೀರಿಯೊಗೆ ಅದರ ತಲೆಬುಡ ಗೊತ್ತಾಗಲ್ಲ. ನಿಮ್ಮ ಲಕ್ಷಣ ನೋಡಿದ್ರೆ ನನಗೆ ಮೊದಲ ಅನುಮಾನ ಇದರ ಮೇಲೇ.

ಈಗ ಸ್ಟೀರಿಯೊ ಮುಖದ ಮೇಲೆ, ಸಿಡಿ ಹೋಗೋ ಸೀಳಿನ ಅಕ್ಕಪಕ್ಕ ಸರಿಯಾಗಿ ನೋಡಿ. ಎಂಪಿ3 ಅಥವಾ ಡಬ್ಲ್ಯುಎಂಎ ಅಂತ ಸಣ್ಣಕ್ಷರದಲ್ಲಿ ಇದೆಯಾ? ಇಲ್ಲ ಅಂದ್ರೆ ಅದಕ್ಕೆ ಗೊತ್ತಿರೋದು ಆಡಿಯೋ ಸಿಡಿ ಒಂದೇ. ಫಿಲಿಪ್ಸ್ ಮತ್ತು ಸೋನಿ ಸೇರಿ 1980ರಲ್ಲಿ ರೂಪಿಸಿದ ಮಾನದಂಡ ಅದು: 44.1 ಕಿಲೋಹರ್ಟ್ಸ್, 16 ಬಿಟ್, ಹೆಚ್ಚೆಂದರೆ 99 ಟ್ರ್ಯಾಕ್. ಇವತ್ತಿನ ಖಾಲಿ ಡಿಸ್ಕಿನಲ್ಲಿ 80 ನಿಮಿಷ ಹಿಡಿಯುತ್ತೆ. ಫೈಲ್ ಎಷ್ಟು ಎಂಬಿ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ, ನಿಮಿಷ ಮಾತ್ರ ಎಣಿಸ್ಬೇಕು. ಎಂಪಿ3 ಫೈಲನ್ನ ಸುಮ್ಮನೆ ಎಳೆದು ಡಿಸ್ಕಿಗೆ ಬಿಟ್ರೆ ಅದು ಆಡಿಯೋ ಸಿಡಿ ಆಗಲ್ಲ, ಫೈಲನ್ನ ಹಾಗೇ ಇಟ್ಟುಕೊಂಡಿರೋ ಡೇಟಾ ಸಿಡಿ ಆಗುತ್ತೆ. ಹೆಚ್ಚಿನವರಿಗೆ ಎಡವಟ್ಟಾಗೋದು ಇಲ್ಲೇ.

ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ವಿಂಡೋಸ್ ಮೀಡಿಯಾ ಪ್ಲೇಯರಿನ ಹಳೇ ಆವೃತ್ತಿಯಲ್ಲಿ ಬರ್ನ್ ಟ್ಯಾಬಿಗೆ ಹೋಗಿ, ಅಲ್ಲಿನ ಆಯ್ಕೆಗಳಲ್ಲಿ ಡೇಟಾ ಬದಲು ಆಡಿಯೋ ಸಿಡಿ ಆರಿಸಿ ಹಾಡುಗಳನ್ನ ಸೇರಿಸಿ. ಎಂಪಿ3ಯನ್ನ ಬೇಕಾದ ರೂಪಕ್ಕೆ ಅದೇ ಬಿಚ್ಚಿಕೊಳ್ಳುತ್ತೆ. ಲಿನಕ್ಸ್ ಇದ್ರೆ ಬ್ರಸೆರೊ ಅಥವಾ ಕೆ3ಬಿ. ಬರೆಯೋ ವೇಗವನ್ನ ಮೀಡಿಯಂಗೆ ಇಡಿ. ನಾನು 16ಎಕ್ಸ್, ಅಂದ್ರೆ ಹಾಡೋ ವೇಗದ 16 ಪಟ್ಟು, ಆಸುಪಾಸಲ್ಲಿ ಬರೀತೀನಿ, 52ಎಕ್ಸ್‌ಗೆ ಯಾವತ್ತೂ ಹೋಗಲ್ಲ. ಕೊನೇಲಿ ಡಿಸ್ಕ್ ಫೈನಲೈಸ್ ಆಗ್ಲೇಬೇಕು. ಮುಂದೆ ಇನ್ನೆರಡು ಹಾಡು ಸೇರಿಸೋಣ ಅಂತ ತೆರೆದೇ ಬಿಟ್ರೆ ಕಾರ್ ಪ್ಲೇಯರ್ ಅದನ್ನ ಮುಟ್ಟಲ್ಲ.

ಕಛೇರಿ ಅಂದ್ರಲ್ಲ, ಅದಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಿ. ಆಲಾಪನೆ ಒಂದು ಟ್ರ್ಯಾಕ್, ಕೃತಿ ಇನ್ನೊಂದು ಟ್ರ್ಯಾಕ್ ಅಂತ ತುಂಡು ಮಾಡಿಟ್ಟಿದ್ರೆ ಸಾಮಾನ್ಯವಾಗಿ ಎರಡರ ಮಧ್ಯೆ 2 ಸೆಕೆಂಡ್ ಮೌನ ಬಂದು ಕೂರುತ್ತೆ. ತಂಬೂರಿ ಶ್ರುತಿ ಗಕ್ಕನೆ ನಿಂತು ಮತ್ತೆ ಶುರುವಾದ್ರೆ ಕಿವಿಗೆ ಹಿಂಸೆ. ಅದೇ ಆಯ್ಕೆಗಳಲ್ಲಿ ಅಂತರ ಇಲ್ಲದೆ ಬರ್ನ್ ಮಾಡು ಅನ್ನೋದಿದೆ, ಅದನ್ನ ಟಿಕ್ ಮಾಡಿ. ಬೇರೆ ಸಾಫ್ಟ್‌ವೇರ್‌ಗಳಲ್ಲಿ ಡಿಸ್ಕ್ ಅಟ್ ಒನ್ಸ್ ಅಂತಿರುತ್ತೆ. ಕ್ಯಾಸೆಟ್ಟಿಂದ ಇಳಿಸಿದ ಹಾಡು ಮೆಲ್ಲಗೆ, ಹೊಸ ಹಾಡು ಜೋರಾಗಿ ಬರ್ತಿದ್ರೆ ದನಿ ಸಮ ಮಾಡೋ ಆಯ್ಕೆಯೂ ಅಲ್ಲೇ ಇದೆ. ಗಾಡಿ ಓಡಿಸೋ ಅಪ್ಪ ಪ್ರತಿ ಹಾಡಿಗೂ ವಾಲ್ಯೂಮ್ ತಿರುಗಿಸೋ ಹಾಗಾಗ್ಬಾರದು.

ಯಲಹಂಕದಿಂದ:
ಡಿಸ್ಕ್ ಸಿಡಿ-ಆರ್ ತಾನೇ? ಮತ್ತೆ ಮತ್ತೆ ಬರೆಯೋ ಸಿಡಿ-ಆರ್‌ಡಬ್ಲ್ಯು ಆಗಿದ್ರೆ ಎಷ್ಟೇ ಸರಿಯಾಗಿ ಬರೆದ್ರೂ ಹಳೇ ಪ್ಲೇಯರಿಗೆ ಕಾಣಿಸದೇ ಹೋಗಬಹುದು. ಅಂಗಡಿ ಸಿಡಿ ಲೇಸರ್ ಬೆಳಕನ್ನ ಶೇ. 70ರ ಮೇಲೆ ವಾಪಸ್ ಕೊಡುತ್ತೆ, ಸಿಡಿ-ಆರ್ ಅದರ ಹತ್ತಿರಕ್ಕೆ ಬರುತ್ತೆ, ಆರ್‌ಡಬ್ಲ್ಯು ಕೊಡೋದು ಶೇ. 15ರಿಂದ 25 ಮಾತ್ರ. ಖಾಲಿ ಡಿವಿಡಿಯಂತೂ ಬೇಡವೇ ಬೇಡ, ಅದನ್ನ ಓದೋ ಲೇಸರೇ ಬೇರೆ.

ಮಲ್ಲೇಶ್ವರದಿಂದ:
ಮೇಲಿನವರು ಹೇಳಿದ್ದೆಲ್ಲ ಸರಿ. ಆದ್ರೆ ಸ್ಟೀರಿಯೊ ಮೇಲೆ ಎಂಪಿ3 ಅಂತ ಇದ್ರೆ ನಾನು ಡೇಟಾ ಸಿಡಿನೇ ಮಾಡಿ ಅಂತೀನಿ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಫೈಲುಗಳಾದ್ರೆ 700 ಎಂಬಿ ಡಿಸ್ಕಿನಲ್ಲಿ 12 ಗಂಟೆ ಹಾಡು ಕೂರುತ್ತೆ, ಮೈಸೂರಿಗೆ ಹೋಗಿ ಬಂದ್ರೂ ಮುಗಿಯಲ್ಲ. ಇನ್ನೊಂದು ಲಾಭ ನಮ್ಮೂರ ರಸ್ತೆಗಳಲ್ಲಿ ಗೊತ್ತಾಗುತ್ತೆ. ಗುಂಡಿಗೆ ಇಳಿದಾಗ ಲೇಸರ್ ಜಾಡು ತಪ್ಪಿದ್ರೆ, ಮೊದಲೇ ಓದಿ ಮೆಮೊರಿಯಲ್ಲಿ ಇಟ್ಟುಕೊಂಡ ಹಾಡು ಆ ಕ್ಷಣ ಕಾಪಾಡುತ್ತೆ. ಈ ಎಂಪಿ3ಗೆ ಆಡಿಯೋ ಸಿಡಿಯ ಹತ್ತನೇ ಒಂದು ಭಾಗದಷ್ಟೂ ಜಾಗ ಬೇಕಾಗಲ್ಲ, ಹಾಗಾಗಿ ಅಷ್ಟೇ ಮೆಮೊರಿಯಲ್ಲಿ ಹೆಚ್ಚು ಹೊತ್ತಿನ ಹಾಡು ಹಿಡಿಯುತ್ತೆ. ನಮ್ಮ ಗಾಡಿಯಲ್ಲಿ ಆಡಿಯೋ ಸಿಡಿ ಎಗರೋ ಜಾಗದಲ್ಲೇ ಎಂಪಿ3 ಡಿಸ್ಕ್ ಎಗರದೆ ಹಾಡುತ್ತೆ.

ಫೈಲಿನ ಹೆಸರು ಕನ್ನಡ ಲಿಪಿಯಲ್ಲಿ ಇಡಬೇಡಿ. ಹೇಳೋಕೆ ಬೇಜಾರಾಗುತ್ತೆ, ಆದ್ರೆ ಆ ಕಾಲದ ಸ್ಟೀರಿಯೊಗಳಲ್ಲಿ ನಮ್ಮ ಅಕ್ಷರ ಇಲ್ಲ, ಬರೀ ಚೌಕ ಅಥವಾ ಅಡ್ಡಗೆರೆ ಬರುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆದು, ಹೆಸರಿನ ಶುರುವಲ್ಲೇ 01, 02 ಅಂತ ಹಾಕಿ. ದಾಸರ ಪದಕ್ಕೆ ಒಂದು ಫೋಲ್ಡರ್, ಭಾವಗೀತೆಗೆ ಒಂದು. ಫೋಲ್ಡರ್ ಒಳಗೆ ಫೋಲ್ಡರ್ ಬೇಡ. ಎಂ4ಎ ಫೈಲ್ ಇದ್ರೆ ಮೊದಲೇ ಎಂಪಿ3 ಮಾಡಿಕೊಳ್ಳಿ, ಹೆಸರಿನ ಬಾಲ ಬದಲಾಯಿಸಿದ್ರೆ ಸಾಲದು.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು. ಎಂಪಿ3 ಅಂತ ಎಲ್ಲೂ ಇಲ್ಲ, ಹಾಗಾಗಿ ಆಡಿಯೋ ಸಿಡಿನೇ ಮಾಡ್ತೀನಿ. ಖಾಲಿ ಡಿಸ್ಕ್ ಈಗ ಎಲ್ಲಿ ಸಿಗುತ್ತೆ? ಮೇಲೆ ಅಂದವಾಗಿ ಲೇಬಲ್ ಅಂಟಿಸಬಹುದಾ?

ರಾಜಾಜಿನಗರದಿಂದ:
ಎಸ್‌ಪಿ ರೋಡಲ್ಲಿ ಕೇಳಿ ನೋಡಿ. ಮೊದಲು ಬೀದಿ ಬೀದಿಯಲ್ಲಿ ಸಿಗ್ತಿದ್ದ ಮೋಸರ್ ಬೇರ್ ಡಿಸ್ಕಿನ ಕಂಪನಿ 2017ರಲ್ಲೇ ದಿವಾಳಿ ಪ್ರಕ್ರಿಯೆಗೆ ಹೋಯ್ತು, ಹಾಗಾಗಿ ಆ ಹೆಸರಿನ ಹಳೇ ಸ್ಟಾಕ್ ಕೊಟ್ರೆ ಒಂದೆರಡು ಮಾತ್ರ ತಂದು ಪರೀಕ್ಷೆ ಮಾಡಿ, ಆಮೇಲೆ ಡಬ್ಬ ತಗೊಳ್ಳಿ. ಪರೀಕ್ಷೆ ಕಾರಲ್ಲೇ ಆಗ್ಬೇಕು. ಲ್ಯಾಪ್‌ಟಾಪಲ್ಲಿ ಹಾಡಿದ್ದು ಲೆಕ್ಕಕ್ಕಿಲ್ಲ. ಹೊಸ ಲ್ಯಾಪ್‌ಟಾಪಿಗೆ ಡ್ರೈವ್ ಇರಲ್ಲ ಅನ್ನೋರಿಗೆ ಯುಎಸ್‌ಬಿಗೆ ಚುಚ್ಚೋ ರೈಟರ್ ಕೂಡ ಅಲ್ಲೇ ಕೇಳಬಹುದು.

ಕಾಗದದ ಲೇಬಲ್ ಖಂಡಿತ ಬೇಡ. ನಿಲ್ಲಿಸಿದ ಕಾರಿನ ಒಳಗೆ ಮಾರ್ಚ್-ಏಪ್ರಿಲ್ ಬಿಸಿಲಿಗೆ ಅಂಟು ಬಿಡುತ್ತೆ, ತುದಿ ಎದ್ದು ಸ್ಟೀರಿಯೊ ಒಳಗೇ ಸಿಕ್ಕಿಕೊಂಡ್ರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತೆ. ಸಿಡಿ ಮೇಲೆ ಬರೆಯೋಕೆ ಅಂತಲೇ ಬರೋ ಮೆತ್ತನೆ ತುದಿಯ ಮಾರ್ಕರಲ್ಲಿ ಬರೀರಿ. ಬಾಲ್‌ಪೆನ್ ಬೇಡ. ಹಾಡು ಇರೋ ಪದರ ಹೊಳೆಯೋ ಕೆಳಭಾಗಕ್ಕಿಂತ ಹೆಸರು ಬರೆಯೋ ಮೇಲ್ಭಾಗಕ್ಕೇ ಹತ್ತಿರ ಇರುತ್ತೆ. ಕೆಳಗಿನ ಗೀರನ್ನ ಉಜ್ಜಿ ಸರಿ ಮಾಡಬಹುದು, ಮೇಲಿನ ಗೀರಿಗೆ ಮದ್ದಿಲ್ಲ.

ಬರೆದ ಸಿಡಿಯಲ್ಲಿ ಇರೋದು ಬಣ್ಣದ ಪದರ. ಬಿಸಿಲು, ಶಾಖ ಎರಡೂ ಅದಕ್ಕಾಗಲ್ಲ. ಸೀಟಿನ ಮೇಲೆ ಬಿಡದೆ ಪೌಚಲ್ಲಿ ಹಾಕಿ ಗ್ಲೋವ್ ಬಾಕ್ಸಲ್ಲಿಡಿ, ಒಂದೊಂದು ಪ್ರತಿ ಮನೆಯಲ್ಲೂ ಇರ್ಲಿ. ಫೈಲುಗಳನ್ನಂತೂ ಅಳಿಸಲೇಬೇಡಿ. ಇಷ್ಟೆಲ್ಲ ಮಾಡಿದ ಮೇಲೂ ಸಿಡಿ-ಆರ್ ಓದದೆ, ಕ್ರಮೇಣ ಅಂಗಡಿ ಸಿಡಿಗಳೂ ತಡವರಿಸೋಕೆ ಶುರುವಾದ್ರೆ ಲೆನ್ಸ್ ಮೇಲೆ ಧೂಳು ಕೂತಿದೆಯೋ ಲೇಸರ್ ಸೋತಿದೆಯೋ ನೋಡಿಸ್ಬೇಕು. ಜೆಸಿ ರೋಡಲ್ಲಿ ಕಾರ್ ಸ್ಟೀರಿಯೊ ಅಂಗಡಿಗಳವರನ್ನ ವಿಚಾರಿಸಿ, ಹೊಸದು ಹಾಕಿಸಿ ಅಂತ ಹೇಳೋ ಮೊದಲು ಬಿಚ್ಚಿ ಕ್ಲೀನ್ ಮಾಡಿ ನೋಡೋಕೆ ಒಪ್ಪಿಸಿ.