ಕತ್ತಾಳೆ ನಾರು: ಭಾನುವಾರದ ಪ್ರಶ್ನೋತ್ತರ

ನಿರ್ವಾಹಕರು: ಇವತ್ತು ಸಂಜೆವರೆಗೆ ನಾರು ತಂತ್ರಜ್ಞೆ ಮೇಡಂ ಉತ್ತರಿಸ್ತಾರೆ. ಸಾಗುವಳಿ, ನಾರು ತೆಗೆಯೋದು, ಒಣಗಿಸೋದು ಅಷ್ಟೇ. ಫಾರ್ವರ್ಡ್ ಬೇಡ.

ಕೆಂಪುಮಣ್ಣು: ಮೇಡಂ, ಬೇಲಿ ಕತ್ತಾಳೆಯಲ್ಲೇ ನಾರು ತೆಗೀಬಹುದಾ, ಸೀಸಲ್ ಗಿಡಾನೇ ಬೇಕಾ?

ಮೇಡಂ: ನಾರು ಎರಡರಲ್ಲೂ ಇದೆ. ಬೇಲಿಯಲ್ಲಿ ಬೂದು ಬಣ್ಣದ, ಅಂಚಿನುದ್ದಕ್ಕೂ ಕೊಕ್ಕೆ ಮುಳ್ಳಿರೋದು ಅಮೆರಿಕಾನಾ ಜಾತಿ. ಆ ಮುಳ್ಳು ಕೈಗೂ ಕಾಟ, ಯಂತ್ರಕ್ಕೂ ಕಾಟ. ಸೀಸಲಾನಾ, ಅಂದ್ರೆ ಸೀಸಲ್ ಗಿಡದ ಬಲಿತ ಎಲೆಗೆ ಅಂಚು ನುಣುಪು, ತುದಿಯಲ್ಲಿ ಒಂದೇ ಮುಳ್ಳು. ಹೊಸದಾಗಿ ಹಾಕೋರು ಅದನ್ನೇ ಹಾಕಿ. ಹೂಕಂಬದಲ್ಲಿ ಬರುವ ಮರಿಗಳನ್ನು ಒಂದು ವರ್ಷ ಮಡಿಯಲ್ಲಿ ಬೆಳೆಸಿ ನೆಟ್ಟರೆ ತೋಟ ಒಂದೇ ಸಮ ಬರುತ್ತೆ. ಬುಡದಲ್ಲಿ ಒಡೆಯೋ ಕಂದು, ಅಂದ್ರೆ ಮರಿಗಿಡ, ಒಂದೊಂದು ಒಂದೊಂದು ಗಾತ್ರ.

ಹೊಸಬ_ಪಾವಗಡ: ಎಲೆ ಯಾವಾಗ ಕೊಯ್ಯೋದು? ಎಕರೆಗೆ ಎಷ್ಟು ನಾರು?

ಮೇಡಂ: 3ನೇ ವರ್ಷದಿಂದ, ಬುಡದ ಎಲೆ ನೆಲದ ಕಡೆ ವಾಲಿದಾಗ. ಗಿಡದ ಮೇಲೆ 18–20 ಎಲೆ ಉಳೀಬೇಕು. ಆಸೆಗೆ ಬೋಳಿಸಿದರೆ ಮುಂದಿನ ಎಲೆ ಗಿಡ್ಡ. ಎಕರೆ ಲೆಕ್ಕ ಬಿಡಿ, ಎಲೆ ತೂಕದ ಲೆಕ್ಕ ಹಿಡೀರಿ: 1 ಟನ್ ಹಸಿ ಎಲೆಗೆ 30–40 ಕೆಜಿ ಒಣ ನಾರು. ಉಳಿದದ್ದೆಲ್ಲ ನೀರು, ಸಿಪ್ಪೆ.

ಹಗ್ಗದಮನೆ: ಇದು ನಿಜಾನಾ ಮೇಡಂ? "ಎಲೆಯನ್ನು ಯೂರಿಯಾ ನೀರಲ್ಲಿ 3 ದಿನ ನೆನೆಸಿ, ಬ್ಲೀಚಿಂಗ್ ಪೌಡರ್‌ನಲ್ಲಿ ಅದ್ದಿದರೆ ಹಾಲಿನಂಥ ನಾರು. ಯಂತ್ರ ಬೇಡ. ಎಲ್ಲ ರೈತರಿಗೂ ಕಳಿಸಿ."

ಮೇಡಂ: ಯಾರಿಗೂ ಕಳಿಸಬೇಡಿ. ಎಲೆ ಮೇಲೆ ಮೇಣದ ಪದರ ಇದೆ, 3 ದಿನಕ್ಕೆ ಒಳಗೆ ಏನೂ ಕೊಳೆಯಲ್ಲ. ವಾರಗಟ್ಟಲೆ ಬಿಟ್ಟರೆ ನಾರಿನ ಎಳೆಗಳನ್ನು ಹಿಡಿದಿರೋ ಅಂಟೇ ಕರಗಿ ಬಲ ಹೋಗುತ್ತೆ. ಬ್ಲೀಚು ಬಿಳಿ ಮಾಡುತ್ತೆ, ಜೊತೆಗೆ ನಾರನ್ನೂ ತಿನ್ನುತ್ತೆ. ಬಿಳಿ ನಾರು ಬೇಕಾ? ಕೊಯ್ದ ದಿನ, ತೀರಾ ತಡ ಅಂದ್ರೆ ಮರುದಿನ ನಾರು ತೆಗೀರಿ. ತೆಗೆದ ಕೂಡಲೇ ತಿಳಿನೀರಲ್ಲಿ ಜಾಲಾಡಿ, ತಂತಿ ಮೇಲೆ ತೆಳ್ಳಗೆ ಹರಡಿ. ಹಸಿರು ರಸ ನಾರಿನ ಮೇಲೆ ಒಣಗಿತೋ, ಆ ಕಲೆ ಆಮೇಲೆ ಬಿಡಲ್ಲ.

ಹಗ್ಗದಮನೆ: ನಮ್ಮ ಕಡೆ ಕೆರೇಲಿ ಕೊಳೆಸಿ, ಬಡಿದು, ಕಣ್ಣಿ ಮಿಣಿ ಹೊಸೆಯೋದೇ ರೂಢಿ. ಗಟ್ಟಿಯಾಗೇ ಇರುತ್ತೆ.

ಕೆಂಪುಮಣ್ಣು: ಆ ಕೆರೇಲಿ ಮೀನು ಉಳಿದಿದ್ಯಾ ಅಂತ ಮೊದಲು ಹೇಳಿ.

ಹಗ್ಗದಮನೆ: ಕೆರೇಲಿ ನೀರಿದ್ರೆ ತಾನೇ ಸ್ವಾಮಿ ಮೀನು. ನಿಮಗೆ ಹಗ್ಗ ಹೊಸೆಯೋಕೆ ಬರುತ್ತಾ?

ಕೆಂಪುಮಣ್ಣು: ನೀರಿಲ್ದಿದ್ರೆ ಕೊಳೆಸೋದು ಯಾವುದರಲ್ಲಿ?

ಮೇಡಂ: ಇಬ್ಬರೂ ನಿಲ್ಲಿಸಿ. ದನ ಕಟ್ಟೋ ಕಣ್ಣಿ ಹಗ್ಗಕ್ಕೆ ಕೊಳೆಸಿದ ನಾರು ನಡೆಯುತ್ತೆ, ಗಿರಣಿಯವರು ತಗೊಳಲ್ಲ. ಎಲೆಯ ರಸದಲ್ಲಿ ಸಪೋನಿನ್ ಅನ್ನೋ ನೊರೆ ಬರಿಸೋ ವಸ್ತು ಇದೆ, ಮೀನು ಸಾಯುತ್ತೆ. ತೊಳೆದ ನೀರನ್ನೂ ಕೆರೆಗೆ, ದನದ ತೊಟ್ಟಿಗೆ ಬಿಡಬೇಡಿ.

ಯಂತ್ರಶಾಲೆ: ನಮ್ಮ ನಾರು ತೆಗೆಯೋ ಯಂತ್ರದಲ್ಲಿ ನಾರು ಮಧ್ಯಕ್ಕೆ ತುಂಡಾಗುತ್ತೆ, ಬುಡದಲ್ಲಿ ಹಸಿರು ಉಳಿಯುತ್ತೆ. ಫೋಟೊ ಹಾಕಿದ್ದೀನಿ.

ಮೇಡಂ: ಬುಡದಲ್ಲಿ ಹಸಿರು ಅಂದ್ರೆ ಡ್ರಮ್ಮಿನ ಪಟ್ಟಿಗೂ ಎದುರಿನ ಹಲಗೆಗೂ ನಡುವಿನ ಸಂದು ಜಾಸ್ತಿ. ತುಂಡಾಗೋದು ಯಾವುದೋ ಒಂದು ಪಟ್ಟಿ ಮುಂದೆ ಬಂದಿರೋದಕ್ಕೆ, ಇಲ್ಲ ಅದರ ಅಂಚಲ್ಲಿ ಕಚ್ಚು ಬಿದ್ದಿರೋದಕ್ಕೆ. ಎರಡೂ ಒಟ್ಟಿಗೆ ಅಂದ್ರೆ ಡ್ರಮ್ ಓರೆ ಕೂತಿದೆ. ಕೈಯಿಂದ ತಿರುಗಿಸಿ ಒಂದೊಂದು ಪಟ್ಟಿಯ ಸಂದೂ ಅಳೆಯಿರಿ. ಅದಿರಲಿ, ಫೋಟೊದಲ್ಲಿ ಎಲೆ ತೂರಿಸೋ ಬಾಯಿಗೆ ಕೈ ಒಳಗೆ ಹೋಗದ ಹಾಗೆ ತಡೆಯೋ ಕಾವಲೇ ಇಲ್ಲ. ಬ್ರೆಜಿಲ್‌ನ ಬಾಹಿಯಾದಲ್ಲಿ ಇಂಥದೇ ಯಂತ್ರಕ್ಕೆ ಕೈ ಕಳಕೊಂಡವರು ಬಹಳ ಮಂದಿ. ಒದ್ದೆ ನಾರನ್ನು ಕೈಗೆ ಸುತ್ತಿ ಎಳೀಬೇಡಿ, ಡ್ರಮ್ ನಾರನ್ನು ಸೆಳೆದರೆ ಕೈಯೂ ಜೊತೆಗೆ ಹೋಗುತ್ತೆ. ಕಾವಲು ಹಾಕೋವರೆಗೂ ಓಡಿಸಬೇಡಿ.

ಹೊಸಬ_ಪಾವಗಡ: ನಾರಿಗೆ ಕೆಜಿಗೆ ರೇಟ್ ಎಷ್ಟಿದೆ ಈಗ?

ಬಯಲುಸೀಮೆ: ಮೇಡಂ, 2 ಎಕರೆ, 4 ವರ್ಷದ ಗಿಡ. ತಗ್ಗಿನ ಕಡೆ ಮೂವತ್ತು ನಲವತ್ತು ಗಿಡದ ಬುಡದೆಲೆಯಲ್ಲಿ ನೇರಳೆ, ಹಸಿರು ಉಂಗುರ, ಒಂದರೊಳಗೊಂದು. ಎರಡು ಗಿಡದಲ್ಲಿ ಸುಳಿ ಎಳೆದರೆ ಕೈಗೇ ಬಂತು, ಕೆಟ್ಟ ನಾತ. ಅದೇ ಹೊಲದ ಕಂದು ಕಿತ್ತು ಮಾರೋಣ ಅಂತಿದ್ದೀನಿ.

ಮೇಡಂ: ಕಂದು ಮಾರಬೇಡಿ. ಮೊದಲು ಅದು.
ನೀವು ಹೇಳಿದ್ದು ಜೀಬ್ರಾ ರೋಗದ ಲಕ್ಷಣ, ಫೈಟೊಫ್ತೊರಾ ಅನ್ನೋ ಶಿಲೀಂಧ್ರದಂಥ ಸೂಕ್ಷ್ಮಜೀವಿಯಿಂದ ಬರೋದು. ಅಡಿಕೆಗೆ ಕೊಳೆರೋಗ ತರೋದೂ ಇದೇ ಕುಲ. ನೀರು ನಿಂತ ಕಡೆ ಶುರುವಾಗಿ, ಮಳೆಹನಿ ಸಿಡಿದಾಗ ಪಕ್ಕದ ಗಿಡದ ಕೆಳಗಿನ ಎಲೆಗೆ ಹತ್ತುತ್ತೆ. ತಗ್ಗಲ್ಲೇ ಕಾಣಿಸಿದ್ದು ಅದಕ್ಕೇ. ಒಂದು ಖಚಿತ ಮಾಡ್ಕೊಳ್ಳಿ: ಕೊಳೆತ ಗಿಡದ ದಿಂಡು ಸೀಳಿ ನೋಡಿ. ಎಲೆ ಕೊಯ್ದ ಗಾಯದಿಂದ ಕೊಳೆ ಒಳಗಿಳಿದು ಕಪ್ಪು ಪುಡಿ ಕಂಡರೆ ಅದು ಆಸ್ಪರ್ಜಿಲಸ್ ಅನ್ನೋ ಬೂಷ್ಟು, ಬೇರೆ ರೋಗ. ಪುಡಿ ಇಲ್ಲ, ಉಂಗುರ ಇದೆ ಅಂದ್ರೆ ಜೀಬ್ರಾ.
ಸುಳಿ ಕಿತ್ತು ಬಂದ ಗಿಡ ಉಳಿಯಲ್ಲ, ಬೇರು ಸಮೇತ ತೆಗೆದು ಹೊಲದಾಚೆ ಸುಡಿ. ತಗ್ಗಿನ ಕೆಳಅಂಚಿಗೆ ಇವತ್ತೇ ಕಾಲುವೆ ಹೊಡೀರಿ, ಔಷಧಿ ಆಮೇಲಿನ ಮಾತು. ಮಳೆ ಬಿಡುವು ನೋಡಿ ಸುತ್ತಲಿನ ಗಿಡಗಳಿಗೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್, ಎಲೆಯ ಅಡಿಯೂ ಬುಡವೂ ನೆನೆಯೋ ಹಾಗೆ. ಮೇಣದ ಎಲೆ, ಅಂಟುದ್ರಾವಣ ಸೇರಿಸದಿದ್ರೆ ಜಾರಿಹೋಗುತ್ತೆ. ಮಳೆಗಾಲ ಮುಗಿಯೋವರೆಗೂ ಆ ಭಾಗದಲ್ಲಿ ಎಲೆ ಕೊಯ್ಯಬೇಡಿ, ಯಂತ್ರದ ಸಿಪ್ಪೆ ಸಾಲಿಗೆ ಹಾಕಬೇಡಿ.

ಹಳ್ಳಿವೈದ್ಯ: ಬೂದಿ, ಗೋಮೂತ್ರ ಬುಡಕ್ಕೆ ಹಾಕಿದ್ರೆ ಎಲ್ಲ ಕೊಳೆರೋಗಾನೂ ಹೋಗುತ್ತೆ. ಕತ್ತಾಳೆ ರಸ ಕುಡಿದ್ರೆ ಮಂಡಿನೋವೂ ಹೋಗುತ್ತೆ.

ಮೇಡಂ: ನಿಂತ ನೀರಿಗೆ ಬೂದಿ ಹಾಕಿದ್ರೆ ಬೂದಿ ನೀರು. ರಸ ಕುಡೀಬೇಡಿ. ಅದರಲ್ಲಿರೋ ಆಕ್ಸಲೇಟ್ ಅನ್ನೋ ಲವಣದ ಸೂಜಿಯಂಥ ಹರಳುಗಳು ಚರ್ಮಕ್ಕೆ ತಾಗಿದರೇ ಉರಿ, ತುರಿ. ಗಂಟಲಿಗೆ ಯಾಕೆ ಇಳಿಸ್ತೀರಿ? ಲೋಳೆಸರ ಬೇರೆ, ಇದು ಬೇರೆ.

ಹಳ್ಳಿವೈದ್ಯ: ಪುಸ್ತಕ ಓದಿದವರಿಗೆ ಅನುಭವ ಇರಲ್ಲ ಬಿಡಿ.

ಕೆಂಪುಮಣ್ಣು: ಅನುಭವಸ್ಥರೇ, ನೀವು ಒಂದು ಲೋಟ ಕುಡಿದು ತೋರಿಸಿ.

ಹೊಸಬ_ಪಾವಗಡ: ಎಲೆ ಎಷ್ಟನೇ ವರ್ಷಕ್ಕೆ ಅಂದ್ರಿ?

ಮೇಡಂ: ಮೇಲಿದೆ.

ಬಯಲುಸೀಮೆ: ಮೇಡಂ, ಹೋದ ತಿಂಗಳೇ ಇನ್ನೂರು ಕಂದು ಪಕ್ಕದೂರಿಗೆ ಕೊಟ್ಟಾಗಿದೆ.

ಮೇಡಂ: ಇವತ್ತೇ ಫೋನ್ ಮಾಡಿ. ನೆಟ್ಟಿದ್ರೆ ಆ ಸಾಲಿನ ನೀರು ಬೇರೆ ಸಾಲಿಗೆ ಹರಿಯದ ಹಾಗೆ ಬದು ಹಾಕ್ಲಿ, ವಾರಕ್ಕೊಮ್ಮೆ ಕೆಳಗಿನ ಎಲೆ ನೋಡ್ಲಿ, ಉಂಗುರ ಕಂಡದ್ದನ್ನು ಕಿತ್ತು ಸುಡ್ಲಿ. ನೆಟ್ಟಿಲ್ದಿದ್ರೆ ನೆಡೋದು ಬೇಡ, ದುಡ್ಡು ವಾಪಸ್ ಕೊಡಿ.